ಒಳಕಿಸೆಯ ಪಾಠ

ತಲೆಗೆ ಹತ್ತದ ವಿದ್ಯೆಯನ್ನು ಕಲಿತವರಂತೆ ನಟಿಸುವುದು ಕಷ್ಟ. ಕಲಿಸುವವಳು ಹೆಂಡತಿಯಾದರೆ ಇನ್ನೂ ಕಷ್ಟ. ನಾನು ಮೂಡುಬಿದಿರೆಯಲ್ಲಿ ಟೈಲರ್, ಹತ್ತನೆಯ ತರಗತಿಯ ಗಣಿತವನ್ನು ಎರಡು ಸಲ ಬರೆದವನು. ನನ್ನ ಹೆಂಡತಿ ಸುಮತಿ ಅಂಗಡಿಯ ಮೇಲಿನ ಮಹಡಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಂ ಭಾಷೆ ಕಲಿಸುತ್ತಿದ್ದಳು. ನಾಳೆಯ ಪಾಠವನ್ನು ಇವತ್ತೇ ನನ್ನ ಮೇಲೆ ಪ್ರಯೋಗಿಸುತ್ತಿದ್ದಳು. "ನಿಮಗೆ ಅರ್ಥವಾದರೆ ಯಾರಿಗಾದರೂ ಅರ್ಥ ಆಗ್ತದೆ" ಎನ್ನುವುದು ಅವಳ ನಂಬಿಕೆ.

ಪ್ರೈವೇಟ್, ಪಬ್ಲಿಕ್ ಎಂಬ ಪಾಠಕ್ಕೆ ನಾನು ಹೊಲಿಯುತ್ತಿದ್ದ ಷರ್ಟನ್ನೇ ಎತ್ತಿಕೊಂಡಳು. "ಪ್ರೈವೇಟ್ ಅಂದರೆ ಈ ಒಳಕಿಸೆ. ಇದಕ್ಕೆ ಬೇರೆಯವರು ಕೈ ಹಾಕಬಾರದು. ಏನುಂಟು ಅಂತ ತೊಟ್ಟವರ ಹತ್ತಿರವೇ ಕೇಳಬೇಕು. ಅವರು ಹೇಳಿದ್ದೇ ಉತ್ತರ." ನಾನು ಬರೆದ ಮೊದಲ ಪ್ರೋಗ್ರಾಮಿನಲ್ಲಿ, ಸುಲಭವೆಂದು, ಎಲ್ಲವನ್ನೂ ಪಬ್ಲಿಕ್ ಮಾಡಿದ್ದೆ. "ಇದು ಪ್ರೋಗ್ರಾಂ ಅಲ್ಲ ಮಾರಾಯ್ರೇ, ಬಸ್‌ಸ್ಟ್ಯಾಂಡ್" ಎಂದು ನಕ್ಕಳು.

ಕೊನೆಯ ವರ್ಷ ಕಾಯಿಲೆಯಲ್ಲೂ ಮೆಟ್ಟಿಲು ಹತ್ತಿ ಹೋಗುತ್ತಿದ್ದಳು. "ನೋವುಂಟಾ?" ಎಂದು ಕೆಳಗಿನಿಂದ ದಿನಾ ಕೇಳುತ್ತಿದ್ದೆ. "ಆರಾಮ" ಎನ್ನುತ್ತಿದ್ದಳು. ನಾನು ನಂಬಿ ಹೊಲಿಯಲು ಕೂರುತ್ತಿದ್ದೆ.

ಅವಳು ಹೋಗಿ ಕೆಲವು ತಿಂಗಳಾದ ಮೇಲೆ, ಅವಳ ಶಿಷ್ಯೆ, ಈಗ ಅಲ್ಲೇ ಟೀಚರ್ ಆಗಿರುವ ಆಯಿಷಾ ನನ್ನನ್ನು ಮೇಲೆ ಕರೆದಳು. ಸುಮತಿ ಪಾಠಕ್ಕೆಂದು ಬರೆದ ಪ್ರೋಗ್ರಾಂ ಒಂದು ಫ್ಲಾಪಿಯಲ್ಲಿ ಸಿಕ್ಕಿತ್ತು. ಅದಕ್ಕೆ ತನ್ನದೇ ಹೆಸರು ಇಟ್ಟಿದ್ದಳು. ಪ್ರೈವೇಟ್ ಎಂದು ಬರೆದ ಕೆಳಗೆ ಇದ್ದದ್ದು ಒಂದೇ: ನೋವು. ನೋವು ಎಷ್ಟೆಂದು ತುಂಬುವಲ್ಲಿ ಆಯಿಷಾ ಎರಡು ಎಂಬ ಅಂಕಿ ಒತ್ತಿದಳು. ಪರದೆ "ಆರಾಮ" ಎಂದಿತು. ಒಂಬತ್ತು ಒತ್ತಿದಳು. ಆಗಲೂ "ಆರಾಮ".

"ಎಲ್ಲರೂ ನಗಾಡ್ತಿದ್ದೆವು ಅಣ್ಣಾ. 'ನಮ್ಮ ಟೈಲರ್ ದಿನಾ ಕೇಳ್ತಾರೆ, ಅವರಿಗೆ ಇಷ್ಟು ಸಾಕು' ಅಂತ ಟೀಚರ್ ಹೇಳ್ತಿದ್ದರು."

"ಅದನ್ನು ಪಬ್ಲಿಕ್ ಮಾಡಮ್ಮಾ. ಒಳಗೆ ಎಷ್ಟಿತ್ತು ನೋಡುವ."

ಆಯಿಷಾ ಕೀಲಿಮಣೆಯಿಂದ ಕೈ ತೆಗೆದಳು. "ಮಾಡಬಹುದು. ಆದರೆ ಈಗ ಒಳಗಿರುವುದು ನಾನು ಒತ್ತಿದ ಒಂಬತ್ತು ಅಣ್ಣಾ. ಟೀಚರ್‌ದು ಇದರಲ್ಲಿ ಇಲ್ಲ."

ಕೆಳಗೆ ಬಂದು ಮಿಷಿನ್ ಮುಂದೆ ಕೂತೆ. ರವಿಕೆ ಹೊಲಿಸಲು ಬಂದ ಪುತ್ತಿಗೆಯ ಗಿರಿಜಕ್ಕ, "ಹೇಗಿದ್ದೀರಿ?" ಎಂದು ಕೇಳಿದರು. ಸೂಜಿಗೆ ನೂಲು ಪೋಣಿಸುತ್ತಾ, ತಲೆ ಎತ್ತದೆ, "ಆರಾಮ" ಎಂದೆ. ಅವರು ನಂಬಿ ಅಳತೆಯ ರವಿಕೆಯನ್ನು ಚೀಲದಿಂದ ತೆಗೆದಿಟ್ಟರು. ಅಂತೂ ಪಾಠ ನನಗೂ ಅರ್ಥವಾಗಿತ್ತು. ಮೇಲೆ ಹೋಗಿ ಒಪ್ಪಿಸೋಣವೆಂದರೆ ಟೀಚರ್ ಇಲ್ಲ.