ಲಾಯಿಲದ ಹಿರಿಯರ ವಸತಿಗೃಹದ ಜಗಲಿಯನ್ನು ಅಳೆಯುವ ಕುರಿತು

ಸುತ್ತೋಲೆ ಸಂಖ್ಯೆ: ನಯೋ/ಜಗಲಿ/ಅಳತೆ ಬಾಕಿ/17

ವಿಷಯ: ಹಿರಿಯರ ವಸತಿಗೃಹದ ಪುನರ್ನಿರ್ಮಾಣ ನಕ್ಷೆಯ ಅನುಮೋದನೆ, ನಿವಾಸಿಗಳು ಜಗಲಿಯಿಂದ ಏಳದಿರುವ ಬಗ್ಗೆ.

ಉಲ್ಲೇಖ: (1) ಸ್ಥಳ ತನಿಖಾ ವರದಿ (ಅಪೂರ್ಣ). (2) ಅದೇ ವರದಿ (ಇನ್ನೂ ಅಪೂರ್ಣ).

ಪ್ರಸ್ತಾವನೆ:

“ಈ ಜಗಲಿಯನ್ನು ಯಾವ ಕಾಲಮಿಗೆ ಹಾಕುವುದು ಮಾರಾಯ?” ಎಂದು ನಗರ ಯೋಜನಾ ಕಚೇರಿಯ ಸ್ಥಳ ತನಿಖಾಧಿಕಾರಿ ಶ್ರೀ ಚಿದಾನಂದ ಇವರು ಕಳೆದ ತಿಂಗಳ ಮೂರರಂದು ಸಂಜೆ ನಾಲ್ಕು ನಲ್ವತ್ತಕ್ಕೆ ಸದರಿ ವಸತಿಗೃಹದ ಜಗಲಿಯಲ್ಲಿ ನಿಂತು, ಸುತ್ತ ಯಾರೂ ಇಲ್ಲದಿರುವಾಗ, ಗಟ್ಟಿಯಾಗಿ ಕೇಳಿರುತ್ತಾರೆ. ಕಚೇರಿ ವೇಳೆಯಲ್ಲಿ ಕೇಳಿದ ಪ್ರಶ್ನೆಯು, ಕೇಳಿಸಿಕೊಳ್ಳುವವರಿಲ್ಲದಿದ್ದರೂ, ಕಚೇರಿಯ ಪ್ರಶ್ನೆಯೇ ಆಗಿರುವುದರಿಂದ ಅದನ್ನು ಕಡತಕ್ಕೆ ಸೇರಿಸಲಾಗಿದೆ.

ಹಳೆಯ ಹೆಂಚಿನ ಕಟ್ಟಡವನ್ನು ಕೆಡವಿ ಲಿಫ್ಟ್ ಸಹಿತ ಮೂರು ಮಹಡಿ ಕಟ್ಟುವ ನಕ್ಷೆಯು ಅನುಮೋದನೆಗೆ ಬಂದಿದೆ. ಲಿಫ್ಟಿಗೆ ಹಿರಿಯರ ಆಕ್ಷೇಪಣೆ ಇಲ್ಲ. ಆಕ್ಷೇಪಣೆ ಇರುವುದು ಜಗಲಿಯ ಜಾಗದಲ್ಲಿ ತೋರಿಸಿರುವ ಸ್ಕೂಟರ್ ನಿಲುಗಡೆಗೆ. ಹದಿನಾಲ್ಕು ನಿವಾಸಿಗಳ ಪೈಕಿ ಸ್ಕೂಟರ್ ಉಳ್ಳವರು ಯಾರೂ ಇಲ್ಲವೆಂಬುದನ್ನು ಗಮನಿಸಲಾಗಿದೆ, ಪರಿಗಣಿಸಲಾಗಿಲ್ಲ.

ನಿಯಮದಂತೆ, ತನಿಖೆಯ ವೇಳೆ ಜನ ಕೂತಿರುವ ಜಾಗವು ‘ಬಳಕೆಯ ಜಾಗ’ವಾಗಿದ್ದು, ಅದನ್ನು ಹೊಸ ಕಟ್ಟಡದಲ್ಲೂ ಅಷ್ಟೇ ಅಳತೆಗೆ ಬಿಡತಕ್ಕದ್ದು. ಜನ ಇಲ್ಲದ ಜಾಗವು ‘ಖಾಲಿ ಜಾಗ’, ಅದು ಸ್ಕೂಟರಿಗೆ. ಆದರೆ ಜನ ಕೂತಿರುವಾಗ ಟೇಪು ಎಳೆಯಲಾಗುವುದಿಲ್ಲ. ಟೇಪು ಎಳೆಯಲೆಂದು ಜನ ಎದ್ದರೆ ಜಾಗ ಖಾಲಿಯಾಗುತ್ತದೆ. ಈ ತೊಡಕನ್ನು ನಿವಾಸಿ ಶ್ರೀಮತಿ ಪೂವಮ್ಮ (81) ಇವರು ಇಲಾಖೆಗಿಂತ ಮೊದಲೇ ತಿಳಿದುಕೊಂಡಿರುವುದು ವಿಷಾದನೀಯ.

ಅಂದು ಚಿದಾನಂದರು ಟೇಪಿನ ಸೊನ್ನೆಯ ತುದಿಯನ್ನು ನೆಲಕ್ಕಿಟ್ಟಿದ್ದಷ್ಟೆ. ಪೂವಮ್ಮನವರು ಬೆಲ್ಲ ನೀರು ತಂದುಕೊಟ್ಟು ಪುರಾಣ ಓದಲು ಕೂತರು. ಅರ್ಥ ಹೇಳುವ ನಿವಾಸಿ ಶ್ರೀ ಧರ್ಣಪ್ಪ (79) ಇವರು ಸದರಿ ತುದಿಯ ಮೇಲೆಯೇ ಚಾಪೆ ಹಾಸಿದರು. “ಇನ್ನು ಮಂಗಳ ಆಗದೆ ಏಳುವ ಕ್ರಮ ಇಲ್ಲ ಸರ್, ಕೂತುಕೊಳ್ಳಿ” ಎಂದರು. ತನ್ನ ಅಜ್ಜಿಯ ಮನೆಯಲ್ಲೂ ಇದೇ ಕ್ರಮ ಇದ್ದುದರಿಂದ ಚಿದಾನಂದರು ಕೂತರು. ಮಂಗಳವಾಗುವಾಗ ಆರೂವರೆ.

ಮರುದಿನದಿಂದ ಓದು ಬೆಳಿಗ್ಗೆ ಹತ್ತಕ್ಕೆ, ಕಚೇರಿಯೊಂದಿಗೇ ಸುರುವಾಗಿ, ಕಚೇರಿ ಮುಚ್ಚಿದ ಮೇಲಷ್ಟೇ ಮಂಗಳವಾಗುತ್ತಿದೆ. ಊಟಕ್ಕೆ ಎರಡು ಪಂಕ್ತಿಯಾಗಿ ಹೋಗುತ್ತಾರೆ, ಜಗಲಿ ಖಾಲಿಯಾಗುವುದಿಲ್ಲ. ಚಿದಾನಂದರು ಒಂಬತ್ತು ಸಲ ತನಿಖೆಗೆ ಹೋಗಿ, ಅಳತೆಯ ಕಾಲಮಿನಲ್ಲಿ “ವನವಾಸದ ಹನ್ನೊಂದನೆಯ ವರ್ಷ” ಎಂದು ಬರೆದಿರುತ್ತಾರೆ.

ಆದಕಾರಣ ಸಂಬಂಧಪಟ್ಟವರೆಲ್ಲರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ತನಿಖಾಧಿಕಾರಿಗಳು ಬೆಲ್ಲ ನೀರು ಸ್ವೀಕರಿಸತಕ್ಕದ್ದಲ್ಲ. ನೀರನ್ನು ಕುಡಿಯಬಹುದು, ಬೆಲ್ಲವನ್ನು ನೋಡಬಹುದು.

2. ಪುರಾಣ ಕೇಳುವುದು ‘ಸಭಾ ಬಳಕೆ’ಯಾಗಿರುವುದರಿಂದ ವಸತಿ ವಲಯದಲ್ಲಿ ಪೂರ್ವಾನುಮತಿ ಇಲ್ಲದೆ ಮೆಚ್ಚಿ ತಲೆಯಾಡಿಸುವುದನ್ನು ನಿಷೇಧಿಸಲಾಗಿದೆ. ನಿದ್ದೆಯಿಂದ ತಲೆ ತೂಗಿದಲ್ಲಿ ಅದನ್ನು ‘ವಸತಿ ಬಳಕೆ’ ಎಂದು ಪರಿಗಣಿಸಲಾಗುವುದು.

3. ಒಂದು ಪದ್ಯಕ್ಕೆ ಎರಡು ನಿಮಿಷದ ಅರ್ಥ ಸಾಕು. ಧರ್ಣಪ್ಪನವರು ಒಂದೇ ಪದ್ಯಕ್ಕೆ ಐವತ್ತು ನಿಮಿಷ ಅರ್ಥ ಹೇಳಿ, ಅದರೊಳಗೆ ಮೆಲ್ಕಾರಿನಲ್ಲಿ ತನಗೆ ಬಸ್ಸು ತಪ್ಪಿದ ವಿಚಾರವನ್ನೂ ತಂದಿರುವುದು ಮೂಲ ಪದ್ಯಕ್ಕೆ ಮಾಡಿದ ಅನಧಿಕೃತ ವಿಸ್ತರಣೆಯಾಗಿರುತ್ತದೆ.

4. ವನವಾಸಿಗಳು ಕಾಡಿನಲ್ಲಿ ಕಟ್ಟಿಕೊಂಡ ಎಲೆಮನೆಗೆ ಯಾರ ಪರವಾನಗಿ ಇತ್ತು, ಸುತ್ತ ಎಷ್ಟು ಅಡಿ ಬಿಡಲಾಗಿತ್ತು ಎಂಬ ದಾಖಲೆಗಳನ್ನು ಪೂವಮ್ಮನವರು ಹಾಜರುಪಡಿಸತಕ್ಕದ್ದು. ಅಲ್ಲಿಯವರೆಗೆ ಕತೆಯನ್ನು ಮುಂದುವರಿಸುವಂತಿಲ್ಲ.

5. ಕತೆ ಮುಂದೇನಾಯಿತೆಂದು ತಿಳಿಯದೆ ಬೇರೆ ಯಾವ ಕಡತವನ್ನೂ ಮುಟ್ಟುವುದಿಲ್ಲವೆಂದು ಚಿದಾನಂದರು ತಿಳಿಸಿರುವುದರಿಂದ 4ನೇ ಖಂಡಿಕೆಯನ್ನು ಹಿಂಪಡೆಯಲಾಗಿದೆ.

6. ಮೇಲ್ತನಿಖೆಗೆ ಹೋಗಿದ್ದ, ಕೆಳಗೆ ಸಹಿ ಮಾಡಿರುವವರೂ ಮಂಗಳದವರೆಗೆ ಕೂತಿದ್ದರೆಂದೂ, “ಮೇಡಂ ಕಣ್ಣು ಒರಸಿದ್ದನ್ನು ನಾನೇ ನೋಡಿದ್ದೇನೆ” ಎಂದೂ ನಿವಾಸಿ ಶ್ರೀ ಅಬ್ದುಲ್ ರಹಿಮಾನ್, ನಿವೃತ್ತ ಬಸ್ ಚಾಲಕರು, ಹೇಳುತ್ತಿರುವುದು ಕಚೇರಿಯ ಗಮನಕ್ಕೆ ಬಂದಿದೆ. ಅಂದು ಧೂಳಿತ್ತು. ಮಳೆ ಬರುತ್ತಿದ್ದರೂ ಧೂಳಿತ್ತು.

7. ಹಿರಿಯರು ಒಂದು ದಿನದ ಮಟ್ಟಿಗೆ, ಅರ್ಧ ಗಂಟೆ ಮಾತ್ರ, ಜಗಲಿಯಿಂದ ಎದ್ದು ಸಹಕರಿಸುವಂತೆ ಕೋರಲಾಗಿದೆ. ಎದ್ದ ಕೂಡಲೇ ‘ಖಾಲಿ’ ಎಂದು ಬರೆಯಲಾಗುವುದೇ ಎಂಬ ಅವರ ಲಿಖಿತ ಪ್ರಶ್ನೆಗೆ ಉತ್ತರ: ಹೌದು.

ಸಹಿ/-
(ಸ್ವರ್ಣಲತಾ)
ಪ್ರಭಾರ ಅಧಿಕಾರಿ

ಪ್ರತಿಗಳು:

1. ಬಂಟ್ವಾಳ ಮತ್ತು ಮೂಡುಬಿದಿರೆ ಉಪಕಚೇರಿಗಳಿಗೆ: ತಮ್ಮ ವ್ಯಾಪ್ತಿಯ ಯಾವ ಜಗಲಿಗೂ ಈ ಉಪಾಯ ತಿಳಿಯದಂತೆ ನೋಡಿಕೊಳ್ಳಲು.

2. ಶ್ರೀ ಚಿದಾನಂದರಿಗೆ: ಕುರ್ಚಿಯಲ್ಲಿ ಸಿಗದಿದ್ದಲ್ಲಿ ಜಗಲಿಯ ಎರಡನೇ ಸಾಲಿನಲ್ಲಿ ತಲುಪಿಸುವುದು.

3. ಉಗ್ರಾಣಕ್ಕೆ: ಟೇಪು ಚಾಪೆಯಡಿಯಿಂದ ಬಿಡುಗಡೆಯಾದ ಬಳಿಕ ಜಮೆ ಮಾಡಿಕೊಳ್ಳಲು.

4. ಶ್ರೀಮತಿ ಪೂವಮ್ಮನವರಿಗೆ: ಖುದ್ದು ತಲುಪಿಸಲಾಗಿದೆ. ಷರಾ: ಅವರು ಸುತ್ತೋಲೆಯನ್ನು ಸಂಖ್ಯೆಯಿಂದ ಸಹಿಯವರೆಗೆ ರಾಗವಾಗಿ ಓದಿದರು. ಧರ್ಣಪ್ಪನವರು ಅರ್ಥ ಹೇಳಿದರು. ಏಳನೇ ಖಂಡಿಕೆಯ ಅರ್ಥಕ್ಕೆ ಮಾತ್ರ ಒಂದು ಗಂಟೆ ಹಿಡಿಯಿತು. ಬಳಿಕ ಚಿದಾನಂದರು ಕೈಮುಗಿದು, “ಅರ್ಧ ಗಂಟೆ ಒಮ್ಮೆ ಏಳಿ ಅಜ್ಜಿ, ನನ್ನದೊಂದು ಕೆಲಸ ಮುಗಿಯಲಿ” ಎಂದು ಕೋರಿದರು. ಅದಕ್ಕೆ ಪೂವಮ್ಮನವರು ನೀಡಿದ ಉತ್ತರವನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ನೀನು ಕೂತುಕೋ ಮಗ, ಬೆಲ್ಲ ನೀರು ಉಂಟು. ನಾವು ಏಳುವುದಿಲ್ಲ.”