ಸೋಮನಾಥ ಕುಯ್ದ ಮರ

ಆ ಭಾನುವಾರ ಬೆಳಿಗ್ಗೆ ಸೋಮನಾಥ ಫೋನಿನಲ್ಲಿ ಕೊಂಚ ಮೆತ್ತಗೆ ಮಾತಾಡಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಅವನಿಗೆ ಅಂದು ಆಕಾಶಕ್ಕೆ ಮೂರೇ ಗೇಣು. ಖುಷಿಯಾದಾಗ ಅವನ ದನಿ ಬನಶಂಕರಿ ಮೂರನೇ ಹಂತದಲ್ಲಿ ಹೊರಟು ಇಟ್ಟಮಡುವಿನಲ್ಲಿ ಇಳಿಯುತ್ತದೆ.

"ಹೂಂ ಸಾರ್, ಮಷಿನ್ ಬಾಡಿಗೆಗೆ ತಂದಾಯ್ತು. ತಿಂಡಿ ತಿಂದು ಮರ ಕುಯ್ಯಕ್ಕೆ ಶುರು ಮಾಡ್ತೀನಿ. ಅಡ್ಡ ಕುಯ್ದ್ರೆ ತಾನೆ ಯಾವ ಜಾತಿ ಅಂತ ಗೊತ್ತಾಗೋದು?"

ಅತ್ತ ಕಡೆ ಇದ್ದವರು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವ ಸುಶ್ರುತ. ಸೋಮನಾಥ ಕುಯ್ಯಲು ಹೊರಟಿದ್ದು ಮರಗಲ್ಲನ್ನು, ಅಂದರೆ ಕೋಟ್ಯಂತರ ವರ್ಷ ಮಣ್ಣಿನಡಿ ಬಿದ್ದು ಕಲ್ಲಾಗಿಹೋದ ಮರವನ್ನು. ಸಹಕಾರ ಸಂಘದಲ್ಲಿ ಗುಮಾಸ್ತನಾಗಿರುವ ಇವನಿಗೆ ಈ ಹುಚ್ಚು ಎಲ್ಲಿಂದ ಹತ್ತಿತೋ ಶಿವನೇ ಬಲ್ಲ. ತಾಳೆ ಜಾತಿಯಾದರೆ ಕುಯ್ದ ಮುಖದ ತುಂಬ ಚುಕ್ಕಿ, ಪೈನ್ ಜಾತಿಯಾದರೆ ಬರೀ ಉಂಗುರ, ಹೊನ್ನೆ ಮತ್ತಿಗಳಂಥ ಮರವಾದರೆ ಸೂಜಿ ಚುಚ್ಚಿದಂತೆ ತೂತು. ಇದನ್ನು ಅವನು ಮದುವೆಮನೆ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಗೂ ಹೇಳಿದವನೇ. ಅವರು ಪಾಪ, ಪಾಯಸ ಬರುವ ಮೊದಲೇ ಎದ್ದುಹೋಗಿದ್ದರು.

ಇದುವರೆಗೆ ಅವನಿಗೆ ಸಿಕ್ಕಿದ್ದೆಲ್ಲ ಮುಷ್ಟಿಯಷ್ಟರ ಚೂರುಗಳು, ಮಂಚದ ಕೆಳಗೆ ತುಂಬಿಹೋಗಿದ್ದವು. ಈ ಸಲ ಸಿಕ್ಕಿದ್ದು ಇಡೀ ಕೊರಡು! ಮೋರಿ ಕೆಲಸಕ್ಕೆ ಅಗೆದು ಹಾಕಿದ್ದ ಮಣ್ಣುಗುಡ್ಡೆಯಲ್ಲಿ ಒರಗಿಕೊಂಡಿತ್ತು. ಮೊಣಕಾಲೆತ್ತರ, ಮೈತುಂಬ ತೊಗಟೆಯ ಗೀರು, ಒಂದು ಕಡೆ ಮುರಿದ ಕೊಂಬೆಯ ಗುರುತು, ನೆತ್ತಿಯ ಮೇಲೆ ಉಂಗುರದೊಳಗೆ ಉಂಗುರ. ಬಣ್ಣ ಕಂದು. ಕಬ್ಬಿಣದ ಅಂಶ ಜಾಸ್ತಿ ಇದೆ ಎಂದು ಸೋಮನಾಥ ತಾನೇ ತೀರ್ಮಾನ ಮಾಡಿ, ಗೊಣಗುವ ಆಟೋದವನ ಕೈಕಾಲು ಹಿಡಿದು ಮನೆಗೆ ಸಾಗಿಸಿದ್ದ.

ಫೋಟೋ ನೋಡಿ ಸುಶ್ರುತ, "ಒಳಗೆ ನೋಡ್ದೆ ನಾನು ಏನೂ ಹೇಳಲ್ಲ. ಕುಯ್ದಿಡಿ, ಭಾನುವಾರ ಮಧ್ಯಾಹ್ನ ಬರ್ತೀನಿ. ನಿಜವಾದ್ದೇ ಆದ್ರೆ ಕಾಲೇಜ್ ಮ್ಯೂಸಿಯಂನಲ್ಲಿ ನಿಮ್ಮ ಹೆಸರು ಹಾಕಿ ಇಡ್ತೀವಿ" ಅಂದಿದ್ದರು. ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದರೂ ಮೇಜಿನ ಮೇಲೆ ಹೆಸರಿನ ಹಲಗೆ ಕಾಣದ ಮನುಷ್ಯ ಅವನು. ಅಂದಿನಿಂದ ನಿದ್ದೆಯೇ ಬಂದಿರಲಿಲ್ಲ.

ಹೆಂಡತಿ ರಾಜಶ್ರೀ ಮಾತ್ರ ದೋಸೆ ಮಗುಚುತ್ತ ತಣ್ಣಗೆ ಹೇಳಿದಳು: "ಇದೂ ಡಬ್ಬಾ ಅಂತಾದ್ರೆ ಮಂಚದ ಕೆಳಗಿರೋದೆಲ್ಲ ಕಸದ ಗಾಡಿಗೆ. ಆಮೇಲೆ ಮುಖ ಊದಿಸ್ಕೋಬೇಡಿ."

"ಡಬ್ಬಾ ಆಗಲ್ಲ ಕಣೇ. ನೀನೇ ನೋಡ್ತಿರು."

ಅಷ್ಟರಲ್ಲಿ ಮೇಲಿನ ಮನೆಯ ಸರಸ್ವತಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ ಫೋನಿನ ಮಾತನ್ನೆಲ್ಲ ಕೇಳಿಸಿಕೊಂಡಾಗಿತ್ತು. ಕ್ಲಿಪ್ಪನ್ನು ಬಾಯಲ್ಲೇ ಕಚ್ಚಿಕೊಂಡು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದರು: 'ಕೆಳಗಿನ ಮನೆ ಸೋಮನಾಥ್ ಇವತ್ತು ಮರ ಕುಯ್ತಾರಂತೆ.' ಕೋಣ ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಆ ಗುಂಪಿನಲ್ಲಿದ್ದರು. ಇಡ್ಲಿ ತಟ್ಟೆ ಬಿಟ್ಟು ಎದ್ದರು.

ಗಲಾಟೆ ಕೇಳಿ ಸೋಮನಾಥ ಕಲ್ಲು ಕುಯ್ಯುವ ಮಷಿನ್ ಹಿಡಿದೇ ಗೇಟಿನ ಹತ್ತಿರ ಬಂದಾಗ, ಬಡಾವಣೆಯ ವಾಕಿಂಗ್ ಸಂಘದ ಅಧ್ಯಕ್ಷ ಕರಿಬಸವಯ್ಯನವರು ಮನೆಯೆದುರಿನ ಹೊಂಗೆ ಮರವನ್ನು ತಬ್ಬಿಕೊಂಡು ನಿಂತಿದ್ದರು. ಎಪ್ಪತ್ತು ದಾಟಿದ ಹಿರಿಯರು, ಟ್ರ್ಯಾಕ್ ಸೂಟು, ಹಣೆಯಲ್ಲಿ ವಿಭೂತಿ. ಹಿಂದೆ ಹತ್ತಾರು ಜನ.

"ಏನ್ ಸಾರ್, ಮರ ತಬ್ಕೊಂಡಿದೀರಾ?"

"ಮೊದ್ಲು ನನ್ನ ಕುಯ್ಯಿ, ಆಮೇಲೆ ಮರ ಕುಯ್ಯೀವಂತೆ."

ಸೋಮನಾಥನಿಗೆ ನಗು ಬಂತು. "ಅಯ್ಯೋ, ಈ ಮರ ಅಲ್ಲ ಸಾರ್. ನಾನು ಕುಯ್ಯೋದು ಒಳಗಡೆ ಇಟ್ಟಿರೋ ಮರ."

ನಗಬಾರದಿತ್ತು. ಕರಿಬಸವಯ್ಯನವರು ಹೊಂಗೆಯನ್ನು ಬಿಟ್ಟರು. "ಒಳಗಡೆ ಬೇರೆ ಬಚ್ಚಿಟ್ಟಿದೀಯಾ? ಗಂಧದ್ದಾ?"

"ಅದು ಮರ ಅಲ್ಲ ಸಾರ್, ಕಲ್ಲು."

"ಈಗ ತಾನೆ ಮರ ಅಂದ್ಯಲ್ಲಪ್ಪ."

"ಮೊದ್ಲು ಮರ ಆಗಿತ್ತು. ಆಮೇಲೆ ಕಲ್ಲಾಯ್ತು."

"ಯಾವಾಗ?"

"ಒಂದ್ ಹತ್ತು ಕೋಟಿ ವರ್ಷದ ಹಿಂದೆ."

ಜನ ಮುಖ ಮುಖ ನೋಡಿಕೊಂಡರು. ಸರಸ್ವತಮ್ಮ ಪಕ್ಕದವರ ಕಿವಿಯಲ್ಲಿ, "ರಾಜಶ್ರೀ ಹೇಗ್ ಬಾಳ್ವೆ ಮಾಡ್ತಾಳೋ" ಅಂದರು. ಕರಿಬಸವಯ್ಯನವರು ಮಾತು ಬೆಳೆಸದೆ ಅರಣ್ಯ ಇಲಾಖೆಗೆ ಫೋನ್ ಮಾಡಿದರು.

ಗಾರ್ಡ್ ಭೀಮರಾಯ ಬೈಕಿನಲ್ಲಿ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಯಾದಗಿರಿ ಕಡೆಯ ಮನುಷ್ಯ, ಹಸಿದಿದ್ದ. ಅಂಗಳದಲ್ಲಿದ್ದ ಕೊರಡನ್ನು ಸುತ್ತಿ ಬಂದು, "ಇದು ಮರಾನೇ ಐತಲ್ರಿ" ಅಂದ.

ಕೊರಡನ್ನು ಜಪ್ತಿ ಮಾಡಿಕೊಂಡು ಹೋದರೆ ಮ್ಯೂಸಿಯಮ್ಮೂ ಇಲ್ಲ, ಹೆಸರೂ ಇಲ್ಲ. ಸೋಮನಾಥ ಅಂಗಳಕ್ಕಿಳಿದ. ಲೈಟರ್ ಹಚ್ಚಿ ಕೊರಡಿಗೆ ಹಿಡಿದ, ಉರಿಯಲಿಲ್ಲ. ಸುತ್ತಿಗೆಯಲ್ಲಿ ಬಡಿದ, ಟಣ್ ಅಂದಿತು. "ಎತ್ತಿ ನೋಡಿ ಸಾರ್" ಅಂದ. ಭೀಮರಾಯ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ. ಮೂಗಿಟ್ಟು ಮೂಸಿಯೂ ನೋಡಿದ. ಗಂಧವಿಲ್ಲ, ಗಿಂಧವಿಲ್ಲ.

"ಆಣೆ ಮಾಡ್ತೀನಿ ಸಾರ್, ಇದು ಮರ ಅಲ್ಲ. ನನ್ನ ಪ್ರಾಣ ಹೋದ್ರೂ ಇದನ್ನ ಮರ ಅಂತ ಒಪ್ಕೊಳ್ಳಲ್ಲ."

"ಹೌದ್ರಿ, ಮರ ಅಲ್ಲ" ಎಂದ ಭೀಮರಾಯ ಸೊಂಟ ನೀವಿಕೊಳ್ಳುತ್ತ. "ಕಲ್ಲಿಗೂ ನಮಗೂ ಸಂಬಂಧ ಇಲ್ರಿ."

ಸೋಮನಾಥ ಗೆದ್ದ! ಕರಿಬಸವಯ್ಯನವರ ಮುಖ ಸಣ್ಣದಾಯಿತು. ಅದೇ ಹೊತ್ತಿಗೆ ಸುಶ್ರುತರೂ ಬಂದಿಳಿದರು, ಕುತ್ತಿಗೆಯಲ್ಲಿ ಭೂತಗನ್ನಡಿ ನೇತುಹಾಕಿಕೊಂಡು. ಯಾರಿಗೂ ಮನೆಗೆ ಹೋಗುವ ಮನಸ್ಸಾಗಲಿಲ್ಲ. ಭೀಮರಾಯನೂ ರಾಜಶ್ರೀ ಕೊಟ್ಟ ಮಜ್ಜಿಗೆ ಹಿಡಿದು, "ಒಳಗ ಏನೈತಿ ನೋಡೇ ಹೋಗ್ತೀನ್ರಿ" ಎಂದು ಕೂತುಬಿಟ್ಟ. ರಾಜಶ್ರೀ ಪೈಪಿನಿಂದ ನೀರು ಬಿಟ್ಟಳು, ಸೋಮನಾಥ ಮಷಿನ್ ಚಾಲೂ ಮಾಡಿದ. ಬೀದಿ ನಾಯಿಗಳು ಓಡಿದವು. ಕೊರಡನ್ನು ತಿರುಗಿಸಿ ತಿರುಗಿಸಿ ಸುತ್ತಲೂ ಕುಯ್ದ. ಬೂದುಬಣ್ಣದ ಕೆಸರು ಅವನ ಮುಖಕ್ಕೆ, ಬನಿಯನ್ನಿಗೆ, ಕರಿಬಸವಯ್ಯನವರ ಟ್ರ್ಯಾಕ್ ಸೂಟಿಗೆ ಸಿಡಿಯಿತು. ಅವರು ಒರೆಸಿಕೊಳ್ಳಲೂ ಇಲ್ಲ, ಅಷ್ಟು ಕುತೂಹಲ.

ನಡುಮಧ್ಯಕ್ಕೆ ಹೋದಾಗ ಬ್ಲೇಡು ಕಿರುಚಿತು. ಕಿಡಿ ಹಾರಿತು.

"ನೋಡಿ ಸಾರ್, ಕಬ್ಬಿಣದ ಅಂಶ!" ಸೋಮನಾಥ ಕುಣಿದೇಬಿಟ್ಟ. "ನಾನು ಮೊದ್ಲೇ ಹೇಳಿರ್ಲಿಲ್ವಾ?"

ಕೊರಡು ಎರಡು ಹೋಳಾಗಿ ಬಿತ್ತು. ಸೋಮನಾಥ ಮೊಣಕಾಲೂರಿ, ಮುಖ ಒರೆಸಿಕೊಂಡು, ಚುಕ್ಕಿಯೋ ಉಂಗುರವೋ ತೂತೋ ಎಂದು ಬಗ್ಗಿ ನೋಡಿದ. ಮೂರೂ ಇರಲಿಲ್ಲ. ಮನೆ ಕಟ್ಟುವವರು ಹಾಕುವಂಥ ಜಲ್ಲಿ ಕಲ್ಲುಗಳಿದ್ದವು. ನಡುವೆ ಹೆಬ್ಬೆರಳಿನಷ್ಟು ದಪ್ಪದ ಕಬ್ಬಿಣದ ಕಂಬಿ ಹೊಳೆಯುತ್ತಿತ್ತು.

ಸುಶ್ರುತ ಭೂತಗನ್ನಡಿಯನ್ನು ಕಣ್ಣಿಗಿಟ್ಟು ನೋಡಿದರು, ಕೆಳಗಿಳಿಸಿದರು. "ಜಾತಿ ಗೊತ್ತಾಯ್ತು ಸೋಮನಾಥ್" ಎಂದರು ಮೆಲ್ಲಗೆ. "ಸಿಮೆಂಟು."

ಗೊಳ್ಳೆಂದು ನಗಲು ಎಲ್ಲರೂ ಬಾಯಿ ತೆರೆದಿದ್ದರು. ಆದರೆ ಕರಿಬಸವಯ್ಯನವರು ಮುಂದೆ ಬಂದು ಎರಡು ಹೋಳನ್ನೂ ಕಾಲಿನಿಂದ ಜೋಡಿಸಿ ನೋಡಿದರು.

"ಲೋ, ಆಗ್ಲಿಂದ ಇದನ್ನ ಎಲ್ಲೋ ನೋಡಿದೀನಿ ಅನ್ಕೊಂತಿದ್ದೆ. ಇದು ನಮ್ ಪಾರ್ಕಿನ ಸ್ಟೂಲು. ಮರದ ದಿಮ್ಮಿ ಥರ ಕಾಣ್ಲಿ ಅಂತ ಮಾಡಿಸಿ ಬಣ್ಣ ಬಳಿಸಿದ್ದು. ಮೋರಿ ಅಗೀವಾಗ ಕಿತ್ತು ಮಣ್ಣಿನ ಪಕ್ಕ ಇಟ್ಟಿದ್ರು. ಕಾರ್ಪೊರೇಷನ್ ಇಂಜಿನಿಯರು ಸ್ಟೂಲ್ ಎಲ್ಲಿ, ಸ್ಟೂಲ್ ಎಲ್ಲಿ ಅಂತ ನನ್ ತಲೆ ತಿಂತಾವ್ರೆ. ಸರ್ಕಾರಿ ಆಸ್ತಿ ಕದ್ದಿದ್ದಲ್ದೆ ಎರಡು ತುಂಡೂ ಮಾಡ್ಬಿಟ್ಯಾ?"

ಮತ್ತೆ ಫೋನು ಹೊರಬಂತು. ಈ ಸಲ ಪೊಲೀಸ್ ಠಾಣೆಗೆ. ಸುಶ್ರುತ ಯಾರಿಗೂ ಹೇಳದೆ ಕಾರು ಹತ್ತಿದರು. ರಾಜಶ್ರೀ ನಲ್ಲಿ ನಿಲ್ಲಿಸಿ ಒಳಗೆ ಹೋದಳು. ಮಂಚದ ಕೆಳಗಿನಿಂದ ಕಲ್ಲುಗಳನ್ನು ಎಳೆಯುವ ಸದ್ದು ಕೇಳಿಸತೊಡಗಿತು.

ಭೀಮರಾಯ ಮಜ್ಜಿಗೆ ಲೋಟ ಕೆಳಗಿಟ್ಟು ಬೈಕ್ ಏರಿದ್ದ. ಸೋಮನಾಥ ಓಡಿಹೋಗಿ ಹ್ಯಾಂಡಲ್ ಹಿಡಿದುಕೊಂಡ.

"ಸಾರ್, ಪಾರ್ಕಿನ ಸಾಮಾನು ಕದ್ರೆ ಏನಾಗುತ್ತೆ?"

"ಅದು ಪೊಲೀಸ್ ಕೇಸ್ರಿ. ಸರ್ಕಾರಿ ಆಸ್ತಿ, ಒಳಗ ಹಾಕ್ತಾರ."

"ಮರ ಕುಯ್ದ್ರೆ?"

"ಒಣಗಿದ್ದಾದ್ರ ದಂಡ ಕಟ್ಟಿ ಮನೀಗೆ ಹೋಗೋದು."

ಸೋಮನಾಥ ಹಿಂದೆ ತಿರುಗಿ ನೋಡಿದ. ಕರಿಬಸವಯ್ಯನವರು ಠಾಣೆಯವರಿಗೆ ಮನೆಯ ಗುರುತು ಹೇಳುತ್ತಿದ್ದರು. ಅವನು ಎರಡೂ ಕೈ ಮುಗಿದ.

"ಸಾರ್, ನಿಮ್ಮ ದಮ್ಮಯ್ಯ. ಬೆಳಿಗ್ಗೆಯಿಂದ ನಾನು ಹೇಳಿದ್ದೆಲ್ಲ ಮರ್ತುಬಿಡಿ. ಅದು ಮರಾನೇ ಸಾರ್. ಮರ ಅಂತಲೇ ಬರ್ಕೊಳ್ಳಿ."

ಭೀಮರಾಯ ಅವನ ಕೆಸರು ಮೆತ್ತಿದ ಮುಖವನ್ನೇ ಒಂದು ಗಳಿಗೆ ನೋಡಿ, ಜೇಬಿನಿಂದ ಪೆನ್ನು ತೆಗೆದ.

"ಬರೀತೀನ್ರಿ. ಯಾವ ಜಾತಿ ಮರ ಅಂತ ಬರೀಲಿ?"