ಬಲಗಡೆಯ ದೀಪ

ತಿರುಗುವವನು ಮಾತ್ರ ಇಂಡಿಕೇಟರ್ ಹಾಕಬೇಕು, ಹಾಕಿದವನು ತಿರುಗಲೇಬೇಕು. ನಿಯಮ ಇಷ್ಟೇ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ನಡುವೆ ಇದನ್ನು ಪಾಲಿಸುವ ಒಬ್ಬನನ್ನೂ ನಾನು ಕಂಡಿಲ್ಲ. ತಿದ್ದುವ ಆಸೆಯನ್ನೂ ಬಿಟ್ಟಿದ್ದೇನೆ. ಇಂಥ ರಸ್ತೆಯಲ್ಲಿ ಹೆಂಡತಿಗೆ ಕಾರು ಕಲಿಸಲು ಹೊರಟೆ. ಲೈಸೆನ್ಸ್ ಬಂದಿತ್ತು, ಚಾವಿ ಮಾತ್ರ ನನ್ನ ಕಿಸೆಯಲ್ಲಿತ್ತು.

"ಒಂದೂ ತಪ್ಪಿಲ್ದಂಗ ಬ್ಯಾಡಗಿಗೆ, ನಿನ್ನ ತವರಮನಿಗೆ ಓಡಿಸ್ಕೊಂಡು ಹೋಗು. ಅವತ್ತಿಂದ ಚಾವಿ ನಿಂದು" ಎಂದಿದ್ದೆ.

ಅಷ್ಟರೊಳಗೆ ಅವಳಿಗೆ ಸಿಕ್ಕ ಗುರುಗಳು ಇವರು.

ಟ್ರ್ಯಾಕ್ಟರ್

ಮೋಟೆಬೆನ್ನೂರು ದಾಟಿ ಬ್ಯಾಡಗಿ ರಸ್ತೆ ಹಿಡಿದಿದ್ದೆವು. ಮುಂದೆ ಮೆಣಸಿನಕಾಯಿ ಚೀಲ ಹೇರಿದ ಟ್ರ್ಯಾಕ್ಟರ್, ಬಲಗಡೆಯ ದೀಪ ಮಿನುಗುತ್ತಿತ್ತು.

"ಅಂವ ತಿರಗತಾನ, ತಡಿ" ಎಂದೆ.

ಕಾದೆವು. ಅವನು ತಿರುಗಲಿಲ್ಲ. ಘಾಟಿಗೆ ಇಬ್ಬರೂ ಸೀನುತ್ತ ಅವನ ಹಿಂದೆಯೇ ಮಾರ್ಕೆಟ್ ತಲುಪಿದೆವು. ಇಳಿದು ಕೇಳಿದೆ.

"ತಿರಗಾಕಲ್ರಿ ಸರ. ಬಲಕ್ಕ ಹಾದು ನೀವು ಮುಂದ ಹೋಗ್ರಿ ಅಂತ ಹಾಕಿದ್ದೆ. ದಾರಿಪೂರ್ತಿ ಕರದೇನಿ, ನೀವ ಬರಲಿಲ್ಲ."

"ಮತ್ತ ಖರೇನ ತಿರಗೋದಿದ್ರ?"

"ತಿರಗತೇನಿ. ಅದರಾಗ ಹೇಳೂದೇನೈತ್ರಿ?"

ಆಟೋ

ರಾಣೇಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಆಟೋದವನು ಎಡಗಾಲು ಹೊರಗೆ ಚಾಚಿದ. ಇಲ್ಲಿ ಕಾಲೂ ಇಂಡಿಕೇಟರೇ. ಎಡಕ್ಕೆ ಹೋಗುತ್ತಾನೆಂದು ನಾವು ಬಲಕ್ಕೆ ಸರಿದರೆ ಅವನೂ ಬಲಕ್ಕೇ ಹೊರಳಿದ.

"ಕಾಲು ಆ ಕಡೆ ಮಾಡಿ ಈ ಕಡೆ ಹೊರಳ್ತಿಯಲ್ಲಪಾ?"

"ಕಾಲು ಜೋಮ ಹಿಡದಿತ್ರಿ ಸಾಹೇಬ್ರ. ನನ್ನ ಕಾಲು ನೋಡಿ ನೀವ್ಯಾಕ ಗಾಡಿ ಹೊಡೀತೀರಿ?"

ಜೀಪು

ಹಾವೇರಿಯ ಇಕ್ಕಟ್ಟು ಓಣಿ. ಎದುರಿನ ಜೀಪು ಲೈಟು ಮಿಣುಕಿಸಿತು. 'ನೀವು ಬನ್ನಿ' ಎಂಬುದು ಅದರ ಅರ್ಥ ಎಂದು ನಾನೇ ಕಲಿಸಿದ್ದೆ. ಅವಳು ಹೋದಳು, ಅವನೂ ಬಂದ. ಎರಡೂ ಗಾಡಿ ಮೂಗಿಗೆ ಮೂಗು ತಾಗಿಸಿ ನಿಂತವು.

"ನಾ ಬರಾಕತ್ತೇನಿ, ನಿಲ್ಲರಿ ಅಂತ ಲೈಟ್ ಹೊಡದೇನಿ ಅಕ್ಕಾರ" ಎಂದ.

"ಪುಸ್ತಕದಾಗ ಹಂಗಿಲ್ಲ" ಎಂದೆ ನಾನು.

"ಪುಸ್ತಕ ಬರದಾಂವ ಈ ಓಣಿಗೆ ಬಂದಾನೇನ್ರಿ?"

ಅಷ್ಟರಲ್ಲಿ ಅವಳು ರಿವರ್ಸ್ ತೆಗೆದಿದ್ದಳು.

ತವರಿನ ತಿರುವು

ಪರೀಕ್ಷೆಯ ದಿನ ಹಾವೇರಿಯಿಂದ ಬ್ಯಾಡಗಿಯವರೆಗೆ ಅವಳದು ಒಂದೂ ತಪ್ಪಿಲ್ಲ. ಇನ್ನು ತವರಿನ ಓಣಿಗೆ ಬಲಕ್ಕೆ ಹೊರಳಿದರೆ ಮುಗಿಯಿತು. ದೀಪ ಹಾಕಿದಳು. ಹಿಂದಿನ ಬಸ್ಸಿನವನು ದಾರಿ ಬಿಟ್ಟಳೆಂದು ತಿಳಿದು ಬಲಗಡೆಯಿಂದಲೇ ನುಗ್ಗಿದ; ಹೋಗುತ್ತ ಹಾರ್ನ್ ಹೊಡೆದು ಉಪಕಾರ ಸ್ಮರಿಸಿದ. ಅವನ ಬೆನ್ನಿಗೆ ಲಾರಿ, ಲಾರಿಯ ಬೆನ್ನಿಗೆ ಟ್ರ್ಯಾಕ್ಟರ್. ಎಲ್ಲರೂ ಕೃತಜ್ಞರು, ನಾವು ನಿಂತಲ್ಲೇ. ಓಣಿಯ ಬಾಯಲ್ಲಿ ಮಾವನವರು ಕಾಯುತ್ತಿದ್ದರು. ನನ್ನ ತಾಳ್ಮೆ ತೀರಿತು.

"ದೀಪ ಬಂದ್ ಮಾಡು. ಸುಮ್ನ ಲಗೂ ಹೊರಳಿಸಿಬಿಡು."

ಅವಳು ಹ್ಯಾಂಡ್‌ಬ್ರೇಕ್ ಎಳೆದು ನನ್ನ ಕಡೆ ನೋಡಿದಳು.

"ಒಂದೂ ತಪ್ಪಿಲ್ದಂಗ ಅಂದಿದ್ರಿ. ಈಗ ನೀವ ತಪ್ಪು ಕಲಸಾಕತ್ತೀರಿ. ಇಳೀರಿ."

ಇಳಿದೆ. ರಸ್ತೆ ಖಾಲಿಯಾಗುವವರೆಗೂ ಅವಳು ದೀಪ ಆರಿಸಲಿಲ್ಲ. ಆಮೇಲೆ ದೀಪ ತೋರಿಸಿದ ಕಡೆಗೇ ತಿರುಗಿ, ನನ್ನನ್ನು ರಸ್ತೆಯ ಈಚೆಗೇ ಬಿಟ್ಟು, ಚಾವಿ ಸಮೇತ ತವರಿಗೆ ಹೋದಳು.